ಅಂಚಿನವರೆಗೆ ಮುಳುಗಿ ಬಂದ ದೋಣಿ

“ಅಮ್ಮಾ, ಮುಂಚೆಯೇ ತಿಳಿದುಕೊಳ್ಳುವುದು ತಪ್ಪೇ?” ಎಂದು ಜಲಜಾಕ್ಷಿ ಕೇಳಿದಳು.

ಅವಳು ಬಂದರಿನಲ್ಲಿ ಮೀನನ್ನು ಸಗಟಾಗಿ ಕೊಳ್ಳುವವಳು. ತಲೆಯ ಮೇಲೆ ಬುಟ್ಟಿ ಹೊತ್ತು ಆರಂಭಿಸಿದವಳು ಈಗ ಲಾರಿಗಳಲ್ಲಿ ಮೀನು ಕಳಿಸುತ್ತಿದ್ದಳು. ಬಿಡುವಾದಾಗ ಗುರುವಿನ ಬಳಿ ಬಂದು ಕೂರುತ್ತಿದ್ದಳು. ಗುರು ಮುದುಕಿ; ಹೆಚ್ಚು ಮಾತಿನವರಲ್ಲ.

“ಏನು ತಿಳಿದುಕೊಂಡೆ?”

“ಯಾವ ಮೀನಿಗೆ ಯಾವಾಗ ಬೆಲೆ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ನನಗೆ ಗೊತ್ತು. ಮಾರುವವನು ಬಾಯಿ ತೆರೆಯುವ ಮೊದಲೇ ಅವನ ಮಾತು ಗೊತ್ತು. ದೋಣಿಯ ವಾಮನ ಈ ವಾರ ಮತ್ತೆ ಮತ್ತೆ ನನ್ನ ಬಾಗಿಲಿಗೆ ಬಂದ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಎಲ್ಲರೂ ಕಡಲಿಗಿಳಿದಿದ್ದಾರೆ. ಬಂಗುಡೆಯ ಬೆಲೆ ಇನ್ನು ಇಳಿಯುವುದೇ. ಈಗಿನ ಬೆಲೆಗೇ ಮುಂದೆಯೂ ಕೊಳ್ಳಿ ಎಂದು ಕೇಳಲು ಬಂದಿದ್ದ. ಒಳಗಿದ್ದುಕೊಂಡೇ ‘ಮನೆಯಲ್ಲಿಲ್ಲ’ ಎಂದು ಹೇಳಿಸಿದೆ. ನನ್ನ ಎದೆಯಲ್ಲಿ ಇರುವುದು ಮಂಜುಗಡ್ಡೆ ಎಂದು ಊರವರು ಆಡಿಕೊಳ್ಳುತ್ತಾರೆ.”

“ಒಳ್ಳೆಯದು. ಮೀನು ಕೆಡುವುದಿಲ್ಲ,” ಎಂದರು ಗುರು.

ಜಲಜಾಕ್ಷಿ ನಕ್ಕಳು. ಗುರು ಒಂದು ಕತೆ ಹೇಳಿದರು.

ಒಂದು ಬಂದರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಕೆಟ್ಟವನಲ್ಲ. ತೂಕದಲ್ಲಿ ಮೋಸ ಮಾಡಿದವನಲ್ಲ. ದಿನವೂ ದೋಣಿ ಕಟ್ಟುವ ದಕ್ಕೆಯ ತುದಿಯಲ್ಲಿ ನಿಂತು, ಹೊಳೆ ಕಡಲು ಸೇರುವ ಅಳಿವೆಯಿಂದ ಒಳಬರುವ ದೋಣಿಗಳನ್ನು ನೋಡುತ್ತಿದ್ದ. ದೋಣಿ ನೀರಿನ ಮೇಲೆ ಎತ್ತರವಾಗಿ ತೇಲಿ ಬಂದರೆ ಮೀನು ಕಡಿಮೆ. ಆ ದಿನ ಬೆಲೆ ಹೆಚ್ಚು. ಅಂಚಿನವರೆಗೆ ಮುಳುಗಿ ಬಂದರೆ ಮೀನು ತುಂಬಿದೆ; ಬೆಲೆ ಬೀಳುತ್ತದೆ. ದೋಣಿಯವರಿಗೂ ಒಂದು ರೂಢಿ ಇತ್ತು. ಬಲೆ ತುಂಬಿದ ದಿನ ದೂರದಿಂದಲೇ ತಲೆವಸ್ತ್ರ ಬಿಚ್ಚಿ ಬೀಸುತ್ತಿದ್ದರು. ಬುಟ್ಟಿ, ಮಂಜುಗಡ್ಡೆ ಸಿದ್ಧವಾಗಲಿ ಎಂದು ಅದರ ಅರ್ಥ.

ವ್ಯಾಪಾರಿಯ ಅಂದಾಜು ತಪ್ಪುತ್ತಿರಲಿಲ್ಲ. ಅವನು ಬೆಲೆ ಹೇಳುವವರೆಗೆ ಉಳಿದವರು ಬಾಯಿ ಬಿಡುತ್ತಿರಲಿಲ್ಲ.

ಮೀನು ಅಪರೂಪವಾದ ಕಾಲ ಬಂತು. ಬಂದ ದೋಣಿಗಳೆಲ್ಲ ಎತ್ತರವಾಗಿ ತೇಲಿ ಬಂದವು. ಬೆಲೆ ಏರಿತ್ತು. ಒಂದು ಬೆಳಿಗ್ಗೆ ಏಲಂ ನಡೆಯುತ್ತಿದ್ದಾಗ ಅಳಿವೆಯ ಆಚೆ ಒಂದು ದೋಣಿ ಕಾಣಿಸಿತು. ಅಂಚಿನವರೆಗೆ ಮುಳುಗಿತ್ತು. ಬಹಳ ನಿಧಾನವಾಗಿ ಬರುತ್ತಿತ್ತು. ಅದರಲ್ಲಿದ್ದವರೆಲ್ಲ ಬಟ್ಟೆ ಬೀಸುತ್ತಿದ್ದರು.

ವ್ಯಾಪಾರಿ ಏಲಂ ನಿಲ್ಲಿಸಿದ. “ಯಾರೂ ಕೊಳ್ಳಬೇಡಿ. ಅದು ಬಂದು ಮುಟ್ಟಲಿ. ಬೆಲೆ ಅರ್ಧಕ್ಕಿಳಿಯುತ್ತದೆ.”

ದಡದಲ್ಲಿದ್ದ ದೋಣಿಯವನೊಬ್ಬ ಕೇಳಿದ, “ಎದುರು ಹೋಗಿ ಹಗ್ಗ ಕೊಡಲೇ, ಸಾಹುಕಾರರೇ? ಭಾರಕ್ಕೆ ಬರಲಾರದೆ ಬರುತ್ತಿದ್ದಾರೆ.”

“ನಿನಗೇಕೆ ಅವಸರ? ಅವರ ಮೀನು ಬಂತೆಂದರೆ ನಿನ್ನ ಬುಟ್ಟಿಯನ್ನು ಬೆಕ್ಕೂ ಮೂಸುವುದಿಲ್ಲ. ತಡವಾಗಲಿ. ಮೀನೂ ಮೆತ್ತಗಾಗುತ್ತದೆ, ದೋಣಿ ನಡೆಸುವ ಅವರ ತಾಂಡೇಲನೂ ಮೆತ್ತಗಾಗುತ್ತಾನೆ.”

ಎಲ್ಲರೂ ನಕ್ಕರು. ಹಗ್ಗ ಹಿಡಿದು ನಿಂತಿದ್ದವನೂ ನಕ್ಕ. ಆಚೆ ಬಟ್ಟೆ ಬೀಸುವುದು ಇನ್ನೂ ಜೋರಾಯಿತು.

“ನೋಡಿ, ಮಾರುವ ಆತುರ,” ಎಂದ ವ್ಯಾಪಾರಿ.

ಹಾಗೆಂದವನು ನೋಡುತ್ತಲೇ ನಿಂತ. ಮೀನು ತುಂಬಿದ ದೋಣಿಯನ್ನು ಕಡಲಹಕ್ಕಿಗಳು ಮುತ್ತಿಕೊಂಡು ಬರುತ್ತವೆ. ಇದು ಅವನಿಗೆ ಗೊತ್ತಿತ್ತು. ಬಂದರಿನಲ್ಲಿ ಎಲ್ಲರಿಗೂ ಗೊತ್ತು. ಆ ದೋಣಿಯ ಮೇಲೆ ಒಂದು ಹಕ್ಕಿಯೂ ಇರಲಿಲ್ಲ.

“ಅದರಲ್ಲಿ ಮೀನಿಲ್ಲ,” ಎಂದ. “ನೀರು ತುಂಬಿದೆ.”

ಹಗ್ಗದವನ ದೋಣಿಗೆ ಮೊದಲು ಹಾರಿದವನು ವ್ಯಾಪಾರಿಯೇ. ಅವರು ಅಳಿವೆ ತಲುಪುವಾಗ ಜನ ನೀರಿಗೆ ಬಿದ್ದಿದ್ದರು. ಒಬ್ಬೊಬ್ಬರನ್ನೇ ಎಳೆದು ಹತ್ತಿಸಿಕೊಂಡರು. ಜನ ಉಳಿದರು. ದೋಣಿ ಉಳಿಯಲಿಲ್ಲ. ಮೊದಲು ಬೀಸಿದಾಗಲೇ ಹಗ್ಗ ಹೋಗಿದ್ದರೆ ಅದೂ ದಡ ಸೇರುತ್ತಿತ್ತು.

ಮುಳುಗಿದ ದೋಣಿಯ ತಾಂಡೇಲ ದಕ್ಕೆಯ ಮೇಲೆ ಬಹಳ ಹೊತ್ತು ಕುಳಿತಿದ್ದ. ವ್ಯಾಪಾರಿ ತನ್ನ ಶಾಲು ತೆಗೆದು ಅವನಿಗೆ ಹೊದಿಸಿದ.

“ಸಾಹುಕಾರರೇ, ನಾವು ಬೀಸಿದ್ದು ನಿಮಗೆ ಕಾಣಲಿಲ್ಲವೇ?”

“ಕಂಡಿತು. ಮೀನು ಮಾರಲು ಕರೆಯುತ್ತಿದ್ದೀರಿ ಎಂದುಕೊಂಡೆ.”

ತಾಂಡೇಲ ಒದ್ದೆ ತಲೆವಸ್ತ್ರವನ್ನು ಹಿಂಡಿದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. “ಬೀಸುವುದಕ್ಕೆ ನಮ್ಮ ಹತ್ತಿರ ಇರುವುದು ಇದೊಂದೇ ಬಟ್ಟೆ,” ಎಂದ.

ಗುರು ಕತೆ ನಿಲ್ಲಿಸಿದರು.

ಜಲಜಾಕ್ಷಿ ಸೋಲುವವಳಲ್ಲ. “ಅವನದೇನು ತಪ್ಪು, ಅಮ್ಮಾ? ಮುಳುಗಿ ಬಂದರೆ ಮೀನು, ಬೀಸಿದರೆ ಮೀನು. ಇಷ್ಟು ವರ್ಷ ಹಾಗೆಯೇ ಆಗಿತ್ತು. ಅಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.”

“ನಾನೂ ಅದನ್ನೇ ಹೇಳುತ್ತಿದ್ದೆ,” ಎಂದರು ಗುರು.

ಜಲಜಾಕ್ಷಿ ಸಮಾಧಾನದಿಂದ ಎದ್ದಳು. ಚಪ್ಪಲಿ ಮೆಟ್ಟಿ ಹೊಸಿಲು ದಾಟುವಾಗ ಗುರು ಮತ್ತೆ ಕೇಳಿದರು.

“ವಾಮನ ಬೆಲೆ ಕೇಳುವುದಕ್ಕೇ ಬಂದಿದ್ದ ಎಂದು ನಿನಗೆ ಯಾರು ಹೇಳಿದರು, ಮಗಳೇ?”

ಜಲಜಾಕ್ಷಿ ಅಲ್ಲೇ ನಿಂತಳು. ಆಮೇಲೆ ವಾಮನನ ಮನೆಯ ದಾರಿ ಹಿಡಿದಳು.