ಅವ್ವನ ಅವರೆ

"ಗುರುಗಳೇ, ಆಸೆ, ದುರಾಸೆ, ಲೋಭ ಎಂದು ಮೂರು ಪದಗಳು ಏಕೆ ಬೇಕು? ಎಲ್ಲವೂ ಒಂದೇ ಅಲ್ಲವೆ?" ಎಂದು ಶಿಷ್ಯ ಕೇಳಿದ.

ಗುರು ನಕ್ಕರು. "ನಿಘಂಟು ನೋಡಿ ತಲೆ ಕೆಡಿಸಿಕೊಂಡಿದ್ದೀಯೆ. ಕತೆ ಕೇಳು" ಎಂದರು.

ಒಬ್ಬ ರೈತನಿದ್ದ. ಅವನ ತಾಯಿ ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಒಂದು ತಳಿಯ ಅವರೆಯನ್ನು ಬೆಳೆಯುತ್ತಿದ್ದಳು. ತವರಿನಲ್ಲಿ ಆ ತಳಿ ಆಮೇಲೆ ಅಳಿದೇ ಹೋಯಿತು. ಅದರ ಸೊಗಡು ಬೇರೆ ಯಾವ ಅವರೆಗೂ ಇರಲಿಲ್ಲ. ಅವಳು ಸಾರು ಕುದಿಸುವಾಗ ದಾರಿಹೋಕರೂ ಒಂದು ಗಳಿಗೆ ನಿಲ್ಲುತ್ತಿದ್ದರು. ಎಂಥ ಕಾಲವದು!

ತಾಯಿ ತೀರಿಕೊಂಡಳು. ಅವಳ ಸಾರಿನ ರುಚಿ ಮನೆಯಲ್ಲಿ ಉಳಿಯಲೆಂದು ಮಗ ಅವರೆ ಬಿತ್ತಿದ. ಅದು ಆಸೆ, ಅದಕ್ಕೆ ನಾನೂ ಕೈಮುಗಿಯುತ್ತೇನೆ. ಸಂತೆಯಲ್ಲಿ ಹಸಿಕಾಯಿಗೆ ಒಳ್ಳೆಯ ಬೆಲೆ ಬಂತು. ರಾಗಿ ಹೊಲಕ್ಕೂ ಅವರೆಯನ್ನೇ ಹಾಕಿ, ಉಣ್ಣುವ ರಾಗಿಯನ್ನು ಕೊಂಡು ತಂದ. ಅದು ದುರಾಸೆ. ಅಷ್ಟಕ್ಕೇ ನಿಂತಿದ್ದರೂ ಚಿಂತೆಯಿರಲಿಲ್ಲ.

ಒಂದು ಸಂಕ್ರಾಂತಿಗೆ ತಂಗಿ ಗಂಡನ ಮನೆಯಿಂದ ಬಂದಳು. ಅಣ್ಣ ಜಿಪುಣನೇನಲ್ಲ, ಹೊಟ್ಟೆ ತುಂಬ ಅವರೆಸಾರು ಬಡಿಸಿದ. ಹೊರಡುವಾಗ ಅವಳು, "ಅಣ್ಣಯ್ಯ, ಒಂದು ಹಿಡಿ ಬಿತ್ತನೆ ಕಾಳು ಕೊಡು. ನಮ್ಮ ಹಿತ್ತಿಲಲ್ಲೂ ಅವ್ವನ ಅವರೆ ಹೂ ಬಿಡ್ಲಿ" ಎಂದಳು.

"ಇವತ್ತು ನಿನ್ನ ಹಿತ್ತಿಲು, ನಾಳೆ ನಿಮ್ಮೂರೆಲ್ಲ. ಆಮೇಲೆ ನಂದನ್ನ ಕೇಳೋರು ಯಾರವ್ವ? ಉಣ್ಣಬೇಕು ಅನ್ನಿಸಿದಾಗ ಇಲ್ಲಿಗೇ ಬಾ" ಎಂದ ಅಣ್ಣ. ತಂಗಿ ಬರಿಗೈಯಲ್ಲಿ ಹೋದಳು.

ಅಂದಿನಿಂದ ಅವನಿಗೆ ಎಲ್ಲರ ಮೇಲೂ ಗುಮಾನಿ. ಬಿತ್ತನೆ ಕಾಳನ್ನು ಬಿಸಿಲಿಗೆ ಹರಡಿದರೆ ಯಾರಾದರೂ ಒಂದು ಹಿಡಿ ಎತ್ತಿಕೊಂಡಾರೆಂದು ಆ ವರ್ಷ ಹರಡಲೇ ಇಲ್ಲ. ಹಾಗೆಯೇ ಮಡಕೆಗೆ ತುಂಬಿ ಬಾಯಿಗೆ ಮಣ್ಣು ಮೆತ್ತಿದ. ಬಿತ್ತನೆಯ ಹೊತ್ತಿಗೆ ತೆಗೆದು ನೋಡಿದರೆ ಒಂದೊಂದು ಕಾಳಿಗೂ ತೂತು. ಅಡಿಯಲ್ಲಿ ಹುಳು, ಹಿಟ್ಟು. ಮೊಳೆಯುವ ಕಾಳು ಒಂದೂ ಉಳಿದಿರಲಿಲ್ಲ.

ಅವನು ತಂಗಿಯ ಊರಿಗೆ ಹೋಗಿ, ಅವಳ ಜಗಲಿಯ ಮೇಲೆ ಕುಳಿತು ಮಗುವಿನಂತೆ ಅತ್ತ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಒಂದು ಮಾತೂ ಆಡಲಿಲ್ಲ. ಕೈಕಾಲಿಗೆ ನೀರು ಕೊಟ್ಟು, ಮಣೆ ಹಾಕಿ, ಊಟಕ್ಕಿಟ್ಟಳು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಉತ್ಸಾಹದಿಂದ, "ಹಾಗಾದರೆ ಲೋಭವೆಂದರೆ ಅದೇ, ಅಲ್ಲವೆ ಗುರುಗಳೇ?" ಎಂದ.

ಗುರು ಹೇಳಿದರು: "ಆ ಪದವನ್ನು ನನ್ನ ತಂಗಿ ಅವತ್ತೇ ಒಂದು ಸಲ ಅಂದುಬಿಟ್ಟಿದ್ದರೆ, ನಾನು ಇಷ್ಟು ವರ್ಷ ಅದನ್ನು ಹೊತ್ತು ತಿರುಗಬೇಕಾಗಿರಲಿಲ್ಲ."