ಆವಿ ಹೊರಟ ದಾರಿ

ಕುಕ್ಕರಿನೊಳಗಿನ ಆವಿಗೆ ಓಡಿಹೋಗುವ ಆತುರ. "ಏಳೇ ಗುಂಡಕ್ಕ, ದಾರಿ ಬಿಡು!" ಎಂದು ಮುಚ್ಚಳದ ಮೇಲೆ ಕೂತ ವಿಷಲ್‌ಗೆ ಗದರಿತು.

"ನನ್ನನ್ನು ಎಬ್ಬಿಸುವಷ್ಟು ಬಲ ಬಂದ ಮೇಲೆ ಹೋಗು," ಎಂದಿತು ವಿಷಲ್.

"ಪಾಪ, ಇಲ್ಲೊಂದು ಸಂದಿಯಿದೆ. ಸದ್ದಿಲ್ಲದೆ ಜಾರಿಕೊಳ್ಳಮ್ಮ," ಎಂದಿತು ಮುಚ್ಚಳದಂಚಿನ ಸಡಿಲ ರಬ್ಬರ್ ಬಳೆ.

ಆವಿ ಅರ್ಧ ನುಸುಳಿತ್ತು. ಕೆಳಗಿನಿಂದ ತೊಗರಿಬೇಳೆ ಕೂಗಿಕೊಂಡಿತು: "ನೀನು ಹೀಗೆ ಸೋರಿಹೋದರೆ ನಾನು ಬೇಯದೆ ತಿಪ್ಪೆ ಸೇರುತ್ತೇನಲ್ಲೇ, ತಾಯಿ!"

ಆವಿಗೆ ನಾಚಿಕೆಯಾಯಿತು. ಹಿಂದೆ ಸರಿದು, ಬೇಳೆಯನ್ನು ಬಿಗಿಯಾಗಿ ಅಪ್ಪಿಕೊಂಡು, ಇದ್ದ ಬಿಸಿಯನ್ನೆಲ್ಲ ಒಟ್ಟುಗೂಡಿಸಿ ಮೇಲಕ್ಕೆ ಒತ್ತಿತು. ಆ ಒತ್ತಡಕ್ಕೆ ರಬ್ಬರ್ ಬಳೆಯೂ ಬಾಯಿ ಮುಚ್ಚಿಕೊಂಡು ಮುಚ್ಚಳಕ್ಕೆ ಅಂಟಿತು.

ವಿಷಲ್ ನಗುತ್ತಾ ಎದ್ದು ನಿಂತಿತು. "ಈಗ ಹೋಗೇ, ಬೀದಿಗೆಲ್ಲ ಕೇಳುವ ಹಾಗೆ ಕೂಗಿಕೊಂಡು ಹೋಗು!"

ಮೂರನೆಯ ಕೂಗಿಗೆ ಬೇಳೆ ಬೆಣ್ಣೆಯಾಗಿತ್ತು.