ಒಡವೆಯಿಲ್ಲದ ಕಡಲಕನ್ಯೆ

"ಗುರುಗಳೇ, ಹೇಗೂ ಚಿನ್ನದ ತೆಳು ರೇಕಿನಡಿ ಮುಚ್ಚಿಹೋಗುವ ಪೆನ್ಸಿಲ್ ಗೆರೆಯನ್ನು ಇಷ್ಟು ಸಲ ಏಕೆ ಅಳಿಸಿ ಬರೆಸುತ್ತೀರಿ?" ಎಂದು ಶಿಷ್ಯ ತಿಪ್ಪಣ್ಣ ಕೇಳಿದ.

ಅವನು ಬರೆಯುತ್ತಿದ್ದದ್ದು ಗಂಗೆಯ ಪಟ. ಮೊದಲ ಬಾರಿಗೆ ಚಿನ್ನ ಮುಟ್ಟುವ ಆಸೆಯಿಂದ ಅಂದು ಬೆಳಿಗ್ಗೆಯೇ ಮಿಂದು ಬಂದಿದ್ದ. ಗುರು ಕಾಳಾಚಾರ್ಯರು ಪಟ ನೋಡಿ, ಕೊರಳನ್ನು ಮತ್ತೆ ಅಳಿಸು ಎಂದಿದ್ದರು. ಅವನ ಮುಖ ಸಪ್ಪಗಾಗಿತ್ತು. ಆಚಾರ್ಯರು ಎಲೆಯಡಿಕೆ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಹೇಳತೊಡಗಿದರು.

ಒಬ್ಬ ಚಿತ್ರಗಾರನಿದ್ದ. ದೇವರ ಪಟ ಬರೆಯುವುದರಲ್ಲಿ ಎತ್ತಿದ ಕೈ. ನಮ್ಮ ಕಸುಬಿನಲ್ಲಿ ಪೆನ್ಸಿಲ್ಲಿಗೆ ಮರ್ಯಾದೆ ಅಷ್ಟಕ್ಕಷ್ಟೇ. ಗೆರೆಯ ಮೇಲೆ ಲೇಪ, ಲೇಪದ ಮೇಲೆ ಚಿನ್ನ, ಉಳಿದ ಕಡೆ ಬಣ್ಣ. ಹೇಗೂ ಮುಚ್ಚುತ್ತದಲ್ಲ ಎಂದು ಅವನು ಗೆರೆಯನ್ನು ಕಾಟಾಚಾರಕ್ಕೆ ಎಳೆಯುತ್ತಿದ್ದ. ಚಿನ್ನ ಹತ್ತಿದ ಮೇಲೆ ಕೇಳುವವರು ಯಾರು?

ಆ ಊರಿನ ವರ್ತಕನೊಬ್ಬ ಬಂದರಿನಿಂದ ಚಿತ್ರವಿದ್ದ ಒಂದು ಹಳೆಯ ಕಾಗದ ತಂದ. ಪರದೇಶದ ಯಾರೋ ಬರೆದದ್ದು. ಅಲ್ಲಿನ ಚಿತ್ರಗಾರರೆಲ್ಲ ಕಡಲು, ಬಿರುಗಾಳಿ, ಹಳೆಯ ಪುರಾಣ ಎಂದು ಮರುಳಾಗಿದ್ದ ಕಾಲದ್ದು. ಅವರ ಪುರಾಣದ ಕಡಲಕನ್ಯೆಯೊಬ್ಬಳು ಬಂಡೆಯ ಮೇಲೆ ಕೂತು ನೀರಿಗೆ ಕೈ ಚಾಚಿದ್ದಳು. ಬರೀ ಪೆನ್ಸಿಲ್. ಉಸಿರು ಬಿಟ್ಟರೆ ಹಾರಿಹೋದೀತು ಎಂಬಷ್ಟು ತೆಳು. ಪಾಪ, ಯಾರೋ ಅರ್ಧಕ್ಕೇ ಬಿಟ್ಟಿದ್ದಾರೆ, ಚಿನ್ನ ಹಚ್ಚಿ ಮುಗಿಸಿಕೊಡು, ಮಗಳ ಮದುವೆಗೆ ಉಡುಗೊರೆ ಕೊಡಬೇಕು ಎಂದ ವರ್ತಕ. ಚಿತ್ರಗಾರನಿಗೂ ಅರ್ಧಕ್ಕೆ ಬಿಟ್ಟದ್ದೆಂದೇ ಕಂಡಿತು. ಅಲ್ಲದೆ ಅಜ್ಜನ ಕಾಲದಿಂದ ಅನ್ನ ಹಾಕಿದ ಮನೆ, ಇಲ್ಲವೆನ್ನಲು ಬಾಯುಂಟೇ? ಒಪ್ಪಿಕೊಂಡ.

ಲೇಪ ಕಲಸಿದ, ರೇಕು ಕತ್ತರಿಸಿದ. ನಮ್ಮಲ್ಲಿ ಚಿನ್ನ ಕೂರುವುದು ಒಡವೆಯ ಮೇಲೆ. ಈ ಹುಡುಗಿಯ ಮೈಮೇಲೆ ಒಂದು ಮೂಗುಬಟ್ಟೂ ಇಲ್ಲ! ಸರಿ, ತಾನೇ ಒಂದು ಸರ ತೊಡಿಸೋಣವೆಂದು ಕುಂಚವನ್ನು ಕೊರಳ ಬಳಿ ತಂದ. ಕೊರಳು ಒಂದೇ ಗೆರೆ. ಕಿವಿಯ ಹಿಂದೆ ಹೊರಟು, ಭುಜಕ್ಕೆ ಇಳಿದು, ತೋಳಿನುದ್ದ ಹರಿದು, ಬೆರಳ ತುದಿಯಲ್ಲಿ ನೀರು ಸೇರಿತ್ತು. ಕೈ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ತಿಳಿಯುವಂತಿರಲಿಲ್ಲ. ಸರ ಹಾಕಿದರೆ ಗೆರೆ ತುಂಡಾಗುತ್ತದೆ. ಬಳೆ ತೊಡಿಸಿದರೂ ಅಷ್ಟೇ. ಮನೆಯವರು ಊಟಕ್ಕೆ ಕರೆದರು, ಅವನು ಏಳಲಿಲ್ಲ. ಲೇಪ ಬಟ್ಟಲಲ್ಲೇ ಒಣಗಿತು. ತನ್ನ ಪಟಗಳ ಚಿನ್ನದಡಿ ಅಡಗಿದ್ದ ಗೆರೆಗಳನ್ನು ನೆನೆದು ಅವನಿಗೆ ನಗು ಬಂತು. ಎಷ್ಟೋ ವರ್ಷಗಳ ಮೇಲೆ ಒಂದು ಚಿತ್ರ ನೋಡಿ ಅವನ ಹೊಟ್ಟೆ ತುಂಬಿತ್ತು. ಆದರೆ ವರ್ತಕನಿಗೆ ಏನು ಹೇಳುವುದು?

ವರ್ತಕ ಬಂದ. ಕಾಗದ ಇದ್ದ ಹಾಗೇ ಇರುವುದನ್ನು ಕಂಡು ಕೆಂಡಾಮಂಡಲವಾದ.

"ಬೋಳು ಕೊರಳಿನ ಹೆಣ್ಣನ್ನು ಮದುವೆಮನೆಗೆ ಒಯ್ಯಲೇನು? ಇನ್ನು ಮೇಲೆ ನಮ್ಮ ಮನೆಯ ಕೆಲಸ ಬೇರೆಯವರಿಗೆ."

"ಹಚ್ಚುತ್ತೇನೆ ಒಡೆಯರೇ," ಎಂದ ಚಿತ್ರಗಾರ. "ಎಲ್ಲಿ ಹಚ್ಚಲಿ, ನೀವೇ ಬೆರಳಿಟ್ಟು ತೋರಿಸಿ."

ಇದೇನು ಮಹಾ ಎಂಬಂತೆ ವರ್ತಕ ಬೆರಳು ಚಾಚಿದ. ಬೆರಳು ಕೊರಳ ಬಳಿ ಹೋಗಿ ನಿಂತಿತು. ಕಾಗದವನ್ನು ಮುಟ್ಟದೆಯೇ ಭುಜಕ್ಕೆ, ತೋಳಿಗೆ ಸರಿದು ನೀರಿನ ತನಕ ಹೋಯಿತು. ತಿರುಗಿ ಕೊರಳಿಗೆ ಬಂತು. ಬಹಳ ಹೊತ್ತಾದ ಮೇಲೆ ಅವನು ಕೈ ಹಿಂದಕ್ಕೆ ತೆಗೆದುಕೊಂಡು ಅಲ್ಲೇ ಚಾಪೆಯ ಮೇಲೆ ಕೂತ. ಗಾಜು ಹಾಕಿಸಿಕೊಡು, ಅಷ್ಟು ಸಾಕು ಎಂದು ಹೇಳಿ ಎದ್ದು ಹೋದ. ಮದುವೆಯಲ್ಲಿ ಬೀಗರು ಮೂಗು ಮುರಿದರಂತೆ. ಮಗಳು ಮಾತ್ರ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಗಂಡನ ಮನೆಗೆ ಹೋದಳಂತೆ.

ಇಷ್ಟು ಹೇಳಿ ಆಚಾರ್ಯರು ಎಲೆಗೆ ಸುಣ್ಣ ಹಚ್ಚಿದರು. ತಿಪ್ಪಣ್ಣ ತನ್ನ ಗಂಗೆಯನ್ನೇ ನೋಡುತ್ತಿದ್ದ. ಹಾಗಾದರೆ ನಾವೂ ಚಿನ್ನ ಹಚ್ಚುವುದನ್ನು ಬಿಟ್ಟುಬಿಡಬೇಕೇ ಎಂದು ಮೆಲ್ಲಗೆ ಕೇಳಿದ.

"ಹಚ್ಚಬೇಕು ಕಣಪ್ಪಾ, ಹಚ್ಚಲು ಕೈಯೇ ಬಾರದಷ್ಟು ಗೆರೆ ಚೆನ್ನಾದ ಮೇಲೆ."